ಅಜ್ಜಿ ಚಳಿಗಾಲ

ಮಾರ್ಚ್ 2

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳಿಗೆ ಒಂದೂ ಉತ್ತರ ಬರೆಯದೆ ಏಳು ವಾರವಾಯಿತು. ಮೊದಲನೆಯದಕ್ಕೆ ಕೆಲಸದ ನೆಪ ಹೇಳಬಹುದು, ಎರಡನೆಯದಕ್ಕೆ ನೆಪವೂ ಇಲ್ಲ. ಬೈಯುವುದಿದ್ದರೆ ಬೈದುಬಿಡು, ಆದರೆ ಈ ಪತ್ರ ಪೂರ್ತಿ ಓದಿದ ಮೇಲೆ ಬೈ. ನಿನ್ನ ಮಂಡಿಗೆ ಹೊಸ ಡಾಕ್ಟರು ಕೊಟ್ಟ ಪಟ್ಟಿ ಹಿಡಿಸಿತೇ? ಭಾವ ಮೆಟ್ಟಿಲಿಗೆ ಕಂಬಿ ಹಾಕಿಸಿದರೋ, ಇನ್ನೂ ಅಳತೆ ತೆಗೆಯುತ್ತಲೇ ಇದ್ದಾರೋ?

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ಕಿವಿಗೆ ಅರ್ಧ ಮಾತು ಬೀಳುತ್ತದೆ, ಉಳಿದರ್ಧವನ್ನು ಭಾವ ಪಕ್ಕದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಾರೆ. ಇದು ಕೂಗಿ ಹೇಳುವ ವಿಷಯವಲ್ಲ.

ನಮ್ಮ ವರದಿ ಇದೇ ಇಪ್ಪತ್ತನೇ ತಾರೀಕು ಕರಾವಳಿ ಸಮಿತಿಯ ಮುಂದೆ ಹೋಗಬೇಕು. ಒಂಬತ್ತು ವರ್ಷದ ಕೆಲಸ. ನಾನೇನು ಮಾಡುತ್ತೇನೆಂದು ನೀನು ಪ್ರತಿ ಸಲ ಕೇಳುತ್ತೀಯ, ನಾನು ಪ್ರತಿ ಸಲ "ಲೆಕ್ಕ" ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಇವತ್ತು ಸರಿಯಾಗಿ ಹೇಳುತ್ತೇನೆ. ಇದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ದೋಣಿಗಳು ನಿಲ್ಲುವ ನಿನ್ನ ದಕ್ಕೆಯ ಮುಂದೆ ಹಾಯುವ ನೀರು ಒಂದು ದೊಡ್ಡ ಹರಿವಿನ ಅಂಚು. ಬಿಸಿ ಪ್ರದೇಶದ ಉಪ್ಪುನೀರು ಮೇಲ್ಭಾಗದಲ್ಲಿ ಶೀತ ಪ್ರದೇಶಕ್ಕೆ ಹೋಗುತ್ತದೆ, ಅಲ್ಲಿ ತಣ್ಣಗಾಗಿ, ಭಾರವಾಗಿ ಮುಳುಗುತ್ತದೆ, ತಳದಲ್ಲಿ ವಾಪಸು ಬರುತ್ತದೆ. ಉಪ್ಪು ಬಂದಷ್ಟೂ ನೀರು ಭಾರ, ಭಾರವಾದಷ್ಟೂ ಹರಿವು ಜೋರು, ಹರಿವು ಜೋರಾದಷ್ಟೂ ಇನ್ನಷ್ಟು ಉಪ್ಪು. ಈಗ ಮಂಜುಗಡ್ಡೆ ಕರಗಿ ಅಲ್ಲಿಗೆ ಸಿಹಿನೀರು ಸೇರುತ್ತಿದೆ. ಅದು ಇದೇ ಸರಪಳಿಯನ್ನು ತಿರುವುಮುರುವು ಮಾಡುತ್ತದೆ. ಸ್ವಲ್ಪ ಸಿಹಿನೀರಿಗೆ ಹರಿವು ಸ್ವಲ್ಪ ಕುಗ್ಗುತ್ತದೆ, ಇನ್ನೂ ಸ್ವಲ್ಪಕ್ಕೆ ಇನ್ನೂ ಸ್ವಲ್ಪ. ಹೀಗೇ ಹೋಗುತ್ತ ಒಂದು ಹಂತದಲ್ಲಿ ಒಮ್ಮೆಲೇ ಕುಸಿಯುತ್ತದೆ. ಆಮೇಲೆ ಸಿಹಿನೀರು ಕಡಿಮೆಯಾದರೂ ಅಷ್ಟು ಸುಲಭಕ್ಕೆ ಮತ್ತೆ ಶುರುವಾಗುವುದಿಲ್ಲ. ಆ ಹಂತವನ್ನು ನಾವು ಮಗುಚುವ ಬಿಂದು ಎನ್ನುತ್ತೇವೆ. ಹರಿವು ನಿಂತರೆ ನಿನ್ನ ದಡದಲ್ಲಿ ಸಮುದ್ರದ ಮಟ್ಟ ಏರುತ್ತದೆ.

ನನ್ನ ಮಾದರಿಯಲ್ಲಿ ಇಡೀ ಸಾಗರ ಎಂದರೆ ಎರಡು ಡಬ್ಬಿ. ಒಂದು ಬೆಚ್ಚಗಿನದು, ಒಂದು ತಣ್ಣಗಿನದು, ನಡುವೆ ಒಂದು ಕೊಳವೆ. ಸಮೀಕರಣ ಒಂದೂವರೆ ಸಾಲು. ಭಾವ ಒಮ್ಮೆ ಅದನ್ನು ನೋಡಿ "ಇಷ್ಟಕ್ಕೆ ಸಂಬಳ ಕೊಡ್ತಾರಾ?" ಎಂದಿದ್ದರಲ್ಲ, ಅದೇ. ಮಗುಚುವ ಬಿಂದು ಇದೆ ಎಂದು ಆ ಒಂದೂವರೆ ಸಾಲು ಹೇಳುತ್ತದೆ. ನಿಜವಾದ ಸಮುದ್ರ ಅದಕ್ಕೆ ಎಷ್ಟು ಹತ್ತಿರ ಬಂದಿದೆ ಎಂದು ಮಾತ್ರ ಹೇಳುವುದಿಲ್ಲ.

ಅದನ್ನು ತಿಳಿಯುವ ಉಪಾಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಸರಿಯಾಗಿ ಭಾರ ತುಂಬಿದ ದೋಣಿಯನ್ನು ಪಕ್ಕಕ್ಕೆ ತಳ್ಳಿದರೆ ತಟ್ಟನೆ ನೆಟ್ಟಗಾಗುತ್ತದೆ. ಮೇಲೆ ಭಾರ ಹೆಚ್ಚಾದ ದೋಣಿ ವಾಲಿದರೆ ನಿಧಾನವಾಗಿ ಏಳುತ್ತದೆ. ಇನ್ನೂ ಭಾರ ಹೆಚ್ಚಿದರೆ ಇನ್ನೂ ನಿಧಾನ. ಅನುಭವಸ್ಥರು ಆ ನಿಧಾನವನ್ನು ನೋಡಿಯೇ ಇಳಿದುಬಿಡುತ್ತಾರೆ. ಸಮುದ್ರವನ್ನೂ ಗಾಳಿ, ಮಳೆ, ಚಳಿ ದಿನಾ ತಳ್ಳುತ್ತಿರುತ್ತವೆ. ಇವತ್ತು ಉಪ್ಪು ವಾಡಿಕೆಗಿಂತ ಹೆಚ್ಚಿದ್ದರೆ, ಆ ಹೆಚ್ಚಳದಲ್ಲಿ ಎಷ್ಟು ಪಾಲು ನಾಳೆಗೂ ಉಳಿಯುತ್ತದೆ ಎಂದು ನೋಡುತ್ತೇವೆ. ಅದನ್ನು ನೆನಪಿನ ಅಂಕಿ ಎನ್ನುತ್ತೇವೆ. ಅರ್ಧದ ಸುತ್ತಮುತ್ತ ಇದ್ದರೆ ಸಮುದ್ರ ಬೇಗ ಮರೆಯುತ್ತದೆ, ಗಟ್ಟಿಯಾಗಿದೆ. ಒಂದರ ಹತ್ತಿರ ಹೋದಂತೆ ಅದು ಮರೆಯುವುದನ್ನೇ ಬಿಡುತ್ತದೆ. ದೋಣಿ ವಾಲಿದಲ್ಲೇ ನಿಲ್ಲುವುದೆಂದರೆ ಅದು.

ಹನ್ನೊಂದು ಕೇಂದ್ರಗಳಲ್ಲಿ ನಿನ್ನಂಥವರು ದಿನಾ ಬೆಳಿಗ್ಗೆ ಬಕೆಟ್ ಇಳಿಸಿ, ನೀರಿನ ಉಪ್ಪು ಅಳೆದು ಬರೆದಿಟ್ಟ ಪುಸ್ತಕಗಳೇ ನಮ್ಮ ಬಂಡವಾಳ. ಅವುಗಳ ಪ್ರಕಾರ ಮೂವತ್ತೆಂಟು ವರ್ಷದ ಹಿಂದೆ ಚಳಿಗಾಲದ ನೆನಪಿನ ಅಂಕಿ 0.57 ಇತ್ತು. ಹೋದ ವರ್ಷ 0.83. ಭಯಪಡಬೇಕಾದ ಏರಿಕೆ. ಆದರೂ ನಮ್ಮ ವರದಿ ಭಯಪಡಬೇಡಿ ಎನ್ನುತ್ತದೆ. ಕಾರಣ ಒಂದೇ. ಮೂವತ್ತಾರು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ ಈ ಅಂಕಿ 0.9 ಮುಟ್ಟಿ, ಮರುವರ್ಷ ತಾನಾಗಿಯೇ 0.58ಕ್ಕೆ ಇಳಿದಿದೆ. ಅಂದರೆ ಸಮುದ್ರ ಹಿಂದೆಯೂ ಹೀಗೆ ವಾಲಿತ್ತು, ಯಾರ ಸಹಾಯವೂ ಇಲ್ಲದೆ ಎದ್ದಿತ್ತು. ಆಫೀಸಿನಲ್ಲಿ ಅದಕ್ಕೆ ಅಜ್ಜಿ ಚಳಿಗಾಲ ಎಂದು ಹೆಸರು. ಯಾರಾದರೂ ಗಾಬರಿಯಾದರೆ "ಅಜ್ಜಿ ಇದಕ್ಕಿಂತ ದೊಡ್ಡದನ್ನ ನೋಡಿದ್ದಾಳೆ, ಸುಮ್ನಿರಿ" ಎನ್ನುತ್ತಾರೆ. ಸಮಿತಿಯೂ ಇದೇ ಮಾತನ್ನು ಕಾಯುತ್ತಿದೆ. ವರದಿ ಹೀಗೇ ಹೋದರೆ ಆಳಸಮುದ್ರದಲ್ಲಿ ಇಳಿಬಿಟ್ಟ ಹದಿನಾಲ್ಕು ಉಪಕರಣಗಳನ್ನು ಈ ಬೇಸಿಗೆಯಲ್ಲೇ ಮೇಲೆತ್ತಿಬಿಡುತ್ತಾರೆ. ಆಮೇಲೆ ಹರಿವು ಏನಾಗುತ್ತಿದೆ ಎಂದು ನೋಡುವವರೂ ಇರುವುದಿಲ್ಲ.

ಇನ್ನು ಸುದ್ದಿ. ವರದಿಯ ಅಂಕಿಗಳನ್ನು ಪರೀಕ್ಷಿಸಲು ಹೊರಗಿನಿಂದ ಒಬ್ಬ ಸಂಖ್ಯಾಶಾಸ್ತ್ರಜ್ಞರು ಬಂದಿದ್ದಾರೆ. ಅರವತ್ತು ದಾಟಿದವರು, ಮಾತು ಕಡಿಮೆ. ಯಾವುದನ್ನೂ ಸೋಸದೆ ಬಿಡುವುದಿಲ್ಲವೆಂದು ಎಲ್ಲರೂ ಅವರನ್ನು ಜರಡಿ ಮೇಷ್ಟ್ರು ಎನ್ನುತ್ತಾರೆ. ಅವರಿಗೂ ಗೊತ್ತು, ಬೇಜಾರಿಲ್ಲ. ಮೊನ್ನೆ ನನ್ನ ಕೋಣೆಗೆ ಬಂದು, ಕುರ್ಚಿಯ ಮೇಲಿದ್ದ ಕಾಗದದ ಕಟ್ಟನ್ನು ನೆಲಕ್ಕಿಟ್ಟು ಕೂತರು.

"ನಿಮ್ಮ ಅಜ್ಜಿ ಬಗ್ಗೆ ಒಂದು ಮಾತು" ಎಂದರು.

"ಹೇಳಿ ಮೇಷ್ಟ್ರೇ."

"ಅಜ್ಜಿ ಹುಟ್ಟೇ ಇಲ್ಲ ಅನ್ಸುತ್ತೆ."

ಅವರು ಮಾಡಿದ್ದು ಇಷ್ಟೇ. ಉಪ್ಪು ವಾಡಿಕೆಗಿಂತ ಎಷ್ಟು ಹೆಚ್ಚುಕಡಿಮೆ ಎಂಬ ಪ್ರತಿ ದಿನದ ಅಂಕಿಯಿಂದ ಹಿಂದಿನ ದಿನದ ಹತ್ತರಲ್ಲಿ ಒಂಬತ್ತು ಪಾಲನ್ನು ಕಳೆದರು. ನಿಜವಾದ ಸಮುದ್ರದಲ್ಲಿ ಹಾಗೆ ಕಳೆದರೆ ಉಳಿಯುವುದು ಅಡ್ಡಾದಿಡ್ಡಿ, ಬಿರುಗಾಳಿಯ ದಿನ ದೊಡ್ಡದು, ಶಾಂತ ದಿನ ಸಣ್ಣದು. ಆ ಚಳಿಗಾಲದಲ್ಲಿ, ಆರಂಭದ ಕೆಲವು ದಿನ ಬಿಟ್ಟರೆ, ಉಳಿದದ್ದು ಒಂದು ದಿನವೂ ಐದನ್ನು ದಾಟಿಲ್ಲ. ಸೊನ್ನೆ ಎಲ್ಲಕ್ಕಿಂತ ಹೆಚ್ಚು ಸಲ, ಐದು ಎಲ್ಲಕ್ಕಿಂತ ಕಡಿಮೆ ಸಲ. "ಯಾರೋ ಎರಡು ದಾಳ ಉರುಳಿಸಿ, ಏಳು ಕಳೆದು ಬರೆದಿದ್ದಾರೆ" ಎಂದರು. ನಗಲಿಲ್ಲ. ನಾನು ನಕ್ಕೆ, ಆ ನಗು ನನಗೇ ಚೆನ್ನಾಗಿ ಕೇಳಿಸಲಿಲ್ಲ.

ಆ ವರ್ಷ ಹನ್ನೊಂದರಲ್ಲಿ ಒಂದೇ ಕೇಂದ್ರ ತೆರೆದಿತ್ತು, ಅಕ್ಕ. ಏಳನೇ ನಂಬರು. ನಿನ್ನದು.

ನಿನ್ನ ಹಳೆಯ ಪುಸ್ತಕಗಳೇನಾದರೂ ಮನೆಯಲ್ಲಿ ಉಳಿದಿದ್ದರೆ ಹುಡುಕಿಡು. ಬೆಚ್ಚಗಿರು, ಮಂಡಿಗೆ ಶಾಖ ಕೊಡುವುದನ್ನು ಬಿಡಬೇಡ. ಭಾವನಿಗೆ ನನ್ನ ನಮಸ್ಕಾರ ಹೇಳು, ಕೂಗದೆ ಉತ್ತರ ಬರೆಯಲಿ ಎಂದೂ ಹೇಳು.

ನಿನ್ನ
ಗೊಣಗಿ

ಮರೆತಿದ್ದು: ಆ ಚಳಿಗಾಲ ನೀನು ಆಸ್ಪತ್ರೆಯಲ್ಲಿದ್ದೆ, ನಿನ್ನ ಬದಲು ಬಕೆಟ್ ಇಳಿಸುತ್ತಿದ್ದವಳು ನಾನು ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಜರಡಿ ಮೇಷ್ಟ್ರು ಕೇಳಲಿಲ್ಲ. ನಾನೂ ಹೇಳಲಿಲ್ಲ.


ಮಾರ್ಚ್ 9

ಪ್ರೀತಿಯ ಅಕ್ಕನಿಗೆ,

ನಿನ್ನ ಉತ್ತರ ಬರುವ ಮೊದಲೇ ಮತ್ತೆ ಬರೆಯುತ್ತಿದ್ದೇನೆ. ತಡವಾದರೂ ಬೈಸಿಕೊಳ್ಳಬೇಕು, ಬೇಗ ಬರೆದರೂ ಗಾಬರಿಪಡಿಸಬೇಕು, ನನ್ನ ಹಣೆಬರಹ. ಇನ್ನು ಹನ್ನೊಂದು ದಿನ ಉಳಿದಿದೆ.

ಇಲ್ಲಿ ಬಾಗಿಲುಗಳೆಲ್ಲ ಮುಚ್ಚಿಕೊಂಡಿವೆ. ಕಾರಿಡಾರಿನಲ್ಲಿ ಮಾತಾಡುತ್ತಿದ್ದವರು ನಾನು ಬಂದರೆ ಕಾಫಿ ಯಂತ್ರದ ಕಡೆಗೆ ತಿರುಗುತ್ತಾರೆ. ಅಜ್ಜಿ ಚಳಿಗಾಲವನ್ನು ತೆಗೆದುಹಾಕಿ ಲೆಕ್ಕ ಮತ್ತೆ ಮಾಡಿದೆವು. ಸಮಾಧಾನ ಹೇಳಲು ಏನೂ ಉಳಿಯಲಿಲ್ಲ. ಗೆರೆ 0.57ರಿಂದ ಹೊರಟು ಎಲ್ಲೂ ನಿಲ್ಲದೆ ಏರುತ್ತದೆ, ಹಿಂದೆ ಎಂದೂ ಇಷ್ಟು ಮೇಲೆ ಹೋಗಿರಲಿಲ್ಲ. ಯಾವ ವರ್ಷ ಮಗುಚುತ್ತದೆ ಎಂದು ಹೇಳಲು ನನ್ನಿಂದಾಗದು. ಯಾರಾದರೂ ಹೇಳಿದರೆ ನಂಬಲೂಬೇಡ. ಆದರೆ "ಹಿಂದೆಯೂ ಹೀಗಾಗಿತ್ತು" ಎಂಬ ಮಾತನ್ನು ಇನ್ನು ಹೇಳುವಂತಿಲ್ಲ. ವರದಿ ಈಗ ಉಲ್ಟಾ ಆಗಿದೆ. ಉಪಕರಣ ಎತ್ತಬೇಡಿ, ಇನ್ನೂ ಹಾಕಿ, ದಡದ ಊರುಗಳಿಗೆ ಈಗಲೇ ತಯಾರಿ ಮಾಡಿ ಎನ್ನುತ್ತದೆ. ನಿನ್ನ ಬೀದಿಯೂ ಆ ಪಟ್ಟಿಯಲ್ಲಿದೆ.

ಹೀಗೆ ಕೊನೇ ಗಳಿಗೆಯಲ್ಲಿ ತಲೆಕೆಳಗಾದ ವರದಿಗೆ ಕಾರಣ ಬರೆಯಲೇಬೇಕು. ಆ ಚಳಿಗಾಲದ ಅಂಕಿ ಯಾಕೆ ತೆಗೆದಿರಿ ಎಂದು ಸಮಿತಿ ಮೊದಲ ಪ್ರಶ್ನೆಯಾಗಿ ಕೇಳುತ್ತದೆ. ಅದಕ್ಕಾಗಿ ನಿರ್ದೇಶಕಿ ನನ್ನನ್ನು ಕರೆದರು. ನಿನಗೆ ಅವರ ಬಗ್ಗೆ ಹೇಳಿದ್ದೆ, ಮೇಜಿನ ಮೇಲೆ ಒಂದು ಪೆನ್ನು ಬಿಟ್ಟು ಬೇರೇನೂ ಇಡದವರು. ಅವರಿಗೆ ಹೇಳಿದೆ, ಆ ಚಳಿಗಾಲ ಅಕ್ಕನ ಬದಲು ನಾನು ನೋಡಿಕೊಳ್ಳುತ್ತಿದ್ದೆ, ಕೆಲವು ದಿನ ತಪ್ಪಿರಬಹುದು ಎಂದು. ಎಷ್ಟು ದಿನ ಎಂದು ಅವರು ಕೇಳಲಿಲ್ಲ.

ಅವರು ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು.

"ನೋಡಿ, ನಾನು ನೇರವಾಗಿ ಹೇಳ್ತೀನಿ. ಸಮುದ್ರ ಮಗುಚುತ್ತೆ ಅಂತ ಹೇಳೋರು ನೀವು. ಸುಳ್ಳು ಅಂಕಿ ಬರೆದೋರೂ ನೀವು ಅಂತಾದ್ರೆ, ಆ ಸಮಿತೀಲಿ ಒಬ್ಬರಾದ್ರೂ ನಿಮ್ಮ ಮಾತು ಕೇಳ್ತಾರಾ?"

"ಇಲ್ಲ" ಎಂದೆ.

"ಪುಸ್ತಕದಲ್ಲಿ ಸಹಿ ಯಾರದ್ದು?"

"ಅಕ್ಕನದು."

"ಅವರು ರಿಟೈರ್ ಆಗಿ ಎಷ್ಟು ವರ್ಷ ಆಯ್ತು? ಏಳಲ್ವಾ? ಕಾಯಿಲೆ ಇತ್ತು, ಅಂದಾಜಲ್ಲಿ ಬರೆದೆ ಅಂತ ಒಂದು ಕಾಗದ ಕೊಟ್ರೆ ಯಾರೂ ಅವರನ್ನ ಏನೂ ಅನ್ನಲ್ಲ. ಅಡಿಟಿಪ್ಪಣೀಲಿ ಒಂದು ಸಾಲು. ನಿಮ್ಮ ಹೆಸರು ಬಂದ್ರೆ ಅದೇ ತಲೆಬರಹ. ನಿಮಗೆ ಯಾವುದು ಮುಖ್ಯ, ಯೋಚನೆ ಮಾಡಿ."

ಮೂರು ದಿನ ಯೋಚಿಸಿದೆ. ಲೆಕ್ಕದ ದೃಷ್ಟಿಯಿಂದ ಅವರ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಒಂದು ಕಡೆ ಒಬ್ಬರ ಹೆಸರು, ಇನ್ನೊಂದು ಕಡೆ ದಡದಲ್ಲಿರುವ ಅಷ್ಟೂ ಊರುಗಳು. ನಿನ್ನ ಕೆಲಸದ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡದಂತೆ ನಾನು ನೋಡಿಕೊಳ್ಳುತ್ತೇನೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಚಳಿಗಾಲ ಅಷ್ಟೇ. ಅದಕ್ಕೆ ಕಾರಣವೂ ಎಲ್ಲರಿಗೂ ಅರ್ಥವಾಗುವಂಥದ್ದು.

ನೀನು ಯೋಚಿಸಿ ನಿರ್ಧರಿಸು. ಬೇಡವೆನಿಸಿದರೆ ಬೇಡ. ಚೆನ್ನಾಗಿ ನಿದ್ದೆ ಮಾಡು. ನಿನಗೂ ಭಾವನಿಗೂ ಒಳ್ಳೆಯದಾಗಲಿ ಎಂದು ಬರೆಯಲು ಈ ಪತ್ರದಲ್ಲಿ ನನಗೆ ಅರ್ಹತೆ ಇದೆಯೋ ಗೊತ್ತಿಲ್ಲ. ಆದರೂ ಬರೆದಿದ್ದೇನೆ.

ನಿನ್ನ
ಗೊಣಗಿ

ಮರೆತಿದ್ದು: ಕಾಗದವನ್ನು ನಾನೇ ಟೈಪ್ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನ ಗುರುತಿದೆ.


ಮಾರ್ಚ್ 22

ಪ್ರೀತಿಯ ಅಕ್ಕನಿಗೆ,

ನಿನ್ನ ಲಕೋಟೆ ಹದಿನೈದಕ್ಕೇ ಬಂತು. ಬಂತು ಎಂದು ತಿಳಿಸಲು ಒಂದು ವಾರ ಬೇಕಾಯಿತು, ಕ್ಷಮಿಸು. ಅದರಲ್ಲಿ ನಾನು ಕಳಿಸಿದ ಕಾಗದ, ಪೆನ್ಸಿಲ್ ಗುರುತಿನ ಮೇಲೆ ನಿನ್ನ ಸಹಿ, ಅಂಚಿನಲ್ಲಿ ಚುಚ್ಚಿದ ಒಂದು ಚೀಟಿ. "ಸಹಿ ಹಾಕಿದ್ದೇನೆ. ಪುಸ್ತಕಗಳು ಮನೆಯಲ್ಲಿಲ್ಲ, ಎಲ್ಲ ಕಚೇರಿಗೆ ಕೊಟ್ಟಾಗಿದೆ. ಊಟ ಸರಿಯಾಗಿ ಮಾಡು, ಅಕ್ಷರ ನೋಡಿದರೆ ಮಾಡುತ್ತಿಲ್ಲ ಅನಿಸುತ್ತದೆ." ಅಷ್ಟೇ. ಯಾಕೆ, ಏನು, ಒಂದು ಪ್ರಶ್ನೆಯೂ ಇಲ್ಲ. ಒಂದು ಪ್ರಶ್ನೆ ಕೇಳಿದ್ದರೆ ನಾನು ಬಹುಶಃ ಇನ್ನೊಂದು ಸುಳ್ಳು ಹೇಳಿ, ಆ ಕಾಗದವನ್ನು ಕೊಟ್ಟುಬಿಡುತ್ತಿದ್ದೆ.

ಕೊಡಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಆ ಕಾಗದ ಈಗ ನನ್ನ ಚೀಲದಲ್ಲೇ ಇದೆ, ನಿನ್ನ ಮುಂದೆ ಹರಿಯಬೇಕೆಂದು ಇಟ್ಟುಕೊಂಡಿದ್ದೇನೆ.

ಈಗ ಮೂವತ್ತಾರು ವರ್ಷದ ಹಿಂದೆಯೇ ಹೇಳಬೇಕಾಗಿದ್ದನ್ನು ಹೇಳುತ್ತೇನೆ. ನವೆಂಬರ್ ಇಪ್ಪತ್ನಾಲ್ಕಕ್ಕೆ ನಿನ್ನನ್ನು ಆಸ್ಪತ್ರೆಗೆ ಸೇರಿಸಿದರು. ಹೆರಿಗೆಯವರೆಗೆ ಮಂಚ ಬಿಟ್ಟು ಏಳಬಾರದು ಎಂದರು. ಭಾವ ನಿನ್ನ ಜೊತೆ ಉಳಿದರು, ನಾನು ಪರೀಕ್ಷೆಗೆ ಓದಲೆಂದು ನಿಮ್ಮ ಮನೆಯಲ್ಲಿದ್ದೆ. ಗಾಡಿ ಹತ್ತುವಾಗ ನೀನು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಆರು ಗಂಟೆಗೆ ಸರಿಯಾಗಿ ನೀರು ಎತ್ತು ಗೊಣಗಿ, ಒಂದು ದಿನವೂ ತಪ್ಪಿಸಬೇಡ."

ಒಂಬತ್ತು ದಿನ ಹೋದೆ. ಅರ್ಧ ಗಂಟೆ ನಡಿಗೆ, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಬಕೆಟ್ ಮೇಲೆಳೆಯುವಾಗ ಹಗ್ಗ ಅಂಗೈ ಕೊಯ್ಯುತ್ತಿತ್ತು. ಗಾಜಿನ ಅಳತೆಗಡ್ಡಿಯನ್ನು ನೀರಿನಲ್ಲಿ ತೇಲಿಬಿಟ್ಟು ಬಗ್ಗಿ ಓದುವಾಗ ಕಣ್ಣಲ್ಲಿ ನೀರು. ಹತ್ತನೇ ದಿನ ಏಳಲಿಲ್ಲ. ಒಂದೇ ದಿನ ತಾನೇ ಎಂದು ಹಿಂದಿನ ದಿನದ್ದನ್ನು ನೋಡಿ ಒಂದು ಅಂಕಿ ಬರೆದೆ. ಹನ್ನೊಂದನೇ ದಿನ ಅದು ಸುಲಭವಾಗಿತ್ತು. ಆದರೆ ಮನಸ್ಸಿಗೆ ಬಂದದ್ದು ಬರೆದರೆ ಸಿಕ್ಕಿಬೀಳುತ್ತೇನೆ ಎಂಬ ಬುದ್ಧಿ ಇತ್ತು. ಸಮುದ್ರಕ್ಕೆ ನೆನಪಿರುತ್ತದೆ, ನಿನ್ನೆ ಉಪ್ಪು ಹೆಚ್ಚಿದ್ದರೆ ಇವತ್ತೂ ಸ್ವಲ್ಪ ಹೆಚ್ಚಿರುತ್ತದೆ ಎಂದು ಊಹಿಸಿದೆ. ನಿನ್ನೆಯ ಹೆಚ್ಚುಕಡಿಮೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇಟ್ಟುಕೊಂಡೆ. ಗಾಳಿ ಮಳೆಯ ಬದಲಿಗೆ ಭಾವನ ಬೀರುವಿನಲ್ಲಿದ್ದ ಆಟದ ಪೆಟ್ಟಿಗೆಯಿಂದ ಎರಡು ದಾಳ ತೆಗೆದೆ. ಬಿದ್ದದ್ದರಲ್ಲಿ ಏಳು ಕಳೆದು ಕೂಡಿಸಿದೆ. ವಾರಕ್ಕೊಮ್ಮೆ ಕೂತು ಏಳು ದಿನದ್ದನ್ನು ಒಟ್ಟಿಗೆ ಬರೆದಿಟ್ಟು ಓದಲು ಹೋಗುತ್ತಿದ್ದೆ.

ಎಪ್ಪತ್ನಾಲ್ಕು ದಿನ, ಅಕ್ಕ. ನಾನು ಮಾಡಿದ ಮೊದಲ ಸಾಗರ ಮಾದರಿ ಅದು. ಆಮೇಲೆ ಇಡೀ ಬದುಕು ಸಮುದ್ರದ ನೆನಪು ಎಷ್ಟು ಎಂದು ಅಳೆಯುತ್ತ ಕಳೆದೆ. ಆ ಅಳತೆಯಲ್ಲಿ ಎದ್ದು ಬಂದ ಅತಿ ದೊಡ್ಡ ಅಂಕಿ ನಾನೇ ಹಾಕಿದ ಒಂಬತ್ತು. ಸಮುದ್ರ ದೊಡ್ಡದು, ನಿಧಾನವಾಗಿರಬೇಕು ಎಂದು ಇಪ್ಪತ್ತೆರಡು ವರ್ಷದ ಹುಡುಗಿ ಊಹಿಸಿದ್ದಳು. ನಿಜವಾದ ಸಮುದ್ರ ಆಗ ಚುರುಕಾಗಿತ್ತು.

ಗೊತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ನಾನು ಸಮೀಕರಣದ ಕಡೆಯವಳು, ಪುಸ್ತಕ ನೋಡುವವರು ಬೇರೆ, ನನ್ನ ಕೈಗೆ ಬರುತ್ತಿದ್ದದ್ದು ವರ್ಷಕ್ಕೊಂದು ಅಂಕಿ. ನಿನ್ನ ಪುಸ್ತಕವೂ ಅದರಲ್ಲಿದೆ ಎಂದು ಗೊತ್ತಿತ್ತು. ಹನ್ನೊಂದು ಕೇಂದ್ರಗಳಲ್ಲಿ ಒಂದರ ಎಪ್ಪತ್ನಾಲ್ಕು ದಿನ, ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಆ ವರ್ಷ ಒಂದೇ ಕೇಂದ್ರ ಇತ್ತು ಎಂಬುದನ್ನು ನೋಡಲಿಲ್ಲ. ನೋಡಬೇಕೆಂದು ಅನಿಸಲಿಲ್ಲ ಎಂದರೆ ಹೆಚ್ಚು ಸರಿ.

ಹದಿನೆಂಟರ ಬೆಳಿಗ್ಗೆ ಕೊನೆಯ ಸಭೆ. ಉದ್ದ ಮೇಜು, ಹನ್ನೆರಡು ಜನ, ಎದುರಿನ ಗೋಡೆಯ ಮೇಲೆ ಏರುತ್ತ ಹೋಗುವ ಗೆರೆ. ನಿರ್ದೇಶಕಿ ನನ್ನ ಕಡೆ ಕೈ ಚಾಚಿ "ಆ ಕಾಗದ ಬಂತಲ್ಲ, ಕೊಡಿ" ಎಂದರು. ಚೀಲಕ್ಕೆ ಕೈ ಹಾಕಿದೆ. ನಿನ್ನ ಚೀಟಿ ಬೆರಳಿಗೆ ತಾಗಿತು. ಕೈ ಹೊರಗೆ ತೆಗೆದು, "ಅಕ್ಕ ಆ ಎಂಬತ್ಮೂರು ದಿನ ಆಸ್ಪತ್ರೆಯಲ್ಲಿದ್ದಳು. ದಾಳ ಉರುಳಿಸಿದ್ದು ನಾನು" ಎಂದೆ.

ಯಾರೋ ನಗಲು ಹೋಗಿ ಕೆಮ್ಮಿದರು. ನಿರ್ದೇಶಕಿ ಪೆನ್ನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟರು.

"ಒಂಬತ್ತು ವರ್ಷದ ಕೆಲಸ, ಎರಡು ದಿನ ಇರೋವಾಗ" ಎಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಜರಡಿ ಮೇಷ್ಟ್ರು ಮಾತ್ರ ತಲೆಯೆತ್ತದೆ ಕಾಗದ ತಿರುವುತ್ತಿದ್ದರು. "ಮೊದಲ ಒಂಬತ್ತು ದಿನ ನೀವು ಹೋಗಿದ್ರಿ ಅಲ್ವಾ?" ಎಂದು ಕೇಳಿದರು.

"ಹೌದು. ನಿಮಗೆ ಹೇಗೆ ಗೊತ್ತು?"

"ಆ ಒಂಬತ್ತು ಸಮುದ್ರದ್ದು. ಐದನೇ ದಿನ ಮಳೆ ಬಂದಿದೆ ನೋಡಿ, ಉಪ್ಪು ಧಡಕ್ಕನೆ ಇಳಿದಿದೆ. ದಾಳಕ್ಕೆ ಮಳೆ ಗೊತ್ತಾಗಲ್ಲ."

ವರದಿಯಿಂದ ನನ್ನ ಹೆಸರು ತೆಗೆದರು. ಒಂದೂವರೆ ಸಾಲಿನ ಸಮೀಕರಣ ಉಳಿಯಿತು, ಅದಕ್ಕೆ ಯಾರ ಸಹಿಯೂ ಬೇಡವಲ್ಲ. ಇಪ್ಪತ್ತಕ್ಕೆ ಸಮಿತಿಯ ಮುಂದೆ ಜರಡಿ ಮೇಷ್ಟ್ರು ನಿಂತರು, ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಡೆದದ್ದನ್ನೆಲ್ಲ ಅವರು ಬಿಡಿಸಿ ಹೇಳಿದರು. ಸದಸ್ಯರೊಬ್ಬರು ಕೇಳಿದರು, "ಅಂದ್ರೆ ದಾಳ ಹಾಕಿದೋರ ಮಾತು ಕೇಳಿ ನಾವು ಗೋಡೆ ಕಟ್ಟಬೇಕಾ?" ಒಂದಷ್ಟು ಜನ ನಕ್ಕರು. ಮೇಷ್ಟ್ರು ನಗು ನಿಲ್ಲುವವರೆಗೆ ಕಾದು, "ಇಷ್ಟು ವರ್ಷ ನಿಮ್ಮನ್ನ ನಿಶ್ಚಿಂತೆಯಾಗಿ ಇಟ್ಟಿದ್ದು ಆ ದಾಳ. ಈಗ ಅದನ್ನ ತೆಗೆದಿದ್ದೀವಿ" ಎಂದರು.

ತೀರ್ಮಾನ ಆಗಲಿಲ್ಲ. ಆರು ತಿಂಗಳು ಮುಂದೂಡಿದ್ದಾರೆ, ಎಲ್ಲವನ್ನೂ ಬೇರೆಯವರಿಂದ ಇನ್ನೊಮ್ಮೆ ಪರೀಕ್ಷಿಸುತ್ತಾರಂತೆ. ಅಲ್ಲಿಯವರೆಗೆ ಹದಿನಾಲ್ಕು ಉಪಕರಣಗಳು ನೀರಿನಲ್ಲೇ ಇರುತ್ತವೆ. ಮೊದಲೇ ನಂಬಿಕೆ ಉಳಿಸಿಕೊಂಡಿದ್ದರೆ ಈ ಆರು ತಿಂಗಳು ಹಾಳಾಗುತ್ತಿರಲಿಲ್ಲ ಎಂದು ನಿರ್ದೇಶಕಿ ಹೇಳಿದರು. ಅದು ನಿಜ. ಸಮುದ್ರ ಈ ಆರು ತಿಂಗಳನ್ನು ನಮಗಾಗಿ ನಿಲ್ಲಿಸಿಕೊಳ್ಳುವುದಿಲ್ಲ. ಸರಿಯಾದದ್ದನ್ನು ಮಾಡಿದೆ ಎಂಬ ನೆಮ್ಮದಿಯೇನೂ ನನಗಿಲ್ಲ. ತಡವಾಗಿ ಮಾಡಿದೆ ಎಂಬುದಷ್ಟೇ ಗೊತ್ತು.

ಒಂದು ಸಂಜೆಯ ಬಗ್ಗೆ ಮಾತ್ರ ಬರೆದು ಮುಗಿಸುತ್ತೇನೆ. ಫೆಬ್ರವರಿ ಹದಿನಾಲ್ಕಕ್ಕೆ ನೀನು ಬರಿಗೈಯಲ್ಲಿ ಮನೆಗೆ ಬಂದೆ. ಎರಡು ದಿನ ಬದುಕಿದ ಮಗುವಿನ ಬಟ್ಟೆ ಭಾವನ ಚೀಲದಲ್ಲಿತ್ತು. ಒಳಗೆ ಬಂದವಳು ಕೂರುವ ಮೊದಲೇ "ಪುಸ್ತಕ ತೋರಿಸು" ಎಂದೆ. ನಾನು ತೋರಿಸಿದೆ. ನೀನು ಒಂದೊಂದೇ ಪುಟದ ಮೇಲೆ ಬೆರಳಾಡಿಸುತ್ತ ಹೋದೆ. ಎಲ್ಲೂ ಖಾಲಿ ಇರಲಿಲ್ಲ. "ಇದೊಂದಾದರೂ ತಪ್ಪಲಿಲ್ಲವಲ್ಲ" ಎಂದು ಹೇಳಿ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅತ್ತೆ. ನಾನು ನಿನ್ನ ಬೆನ್ನು ಸವರುತ್ತ ನಿಂತಿದ್ದೆ. ನನ್ನ ಜೇಬಿನಲ್ಲಿ ದಾಳಗಳಿದ್ದವು. ಆ ಮಾತು ಸುಳ್ಳಾಗಬಾರದೆಂದು ಇಷ್ಟು ವರ್ಷ ಬಾಯಿ ಬಿಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದೆ.

ನಿನ್ನ ಮಂಡಿ ಬೇಗ ವಾಸಿಯಾಗಲಿ. ಮೆಟ್ಟಿಲ ಕಂಬಿ ನಿನ್ನ ಕೈಗೆ ಸರಿಯಾದ ಎತ್ತರಕ್ಕೆ ಬರಲಿ. ಭಾವನ ಗಂಟಲು ಹೀಗೇ ಗಟ್ಟಿಯಾಗಿರಲಿ. ದೊಡ್ಡವಳು ನೀನು, ನಿನ್ನಿಂದ ಆಶೀರ್ವಾದ ಕೇಳುವ ಮುಖ ಇವತ್ತು ನನಗಿಲ್ಲ. ಇನ್ನೊಂದು ದಿನ ಕೇಳುತ್ತೇನೆ.

ನಿನ್ನ
ಗೊಣಗಿ

ಮರೆತಿದ್ದಲ್ಲ, ಕೊನೆಗೆಂದು ಉಳಿಸಿಕೊಂಡಿದ್ದು: ನಿನ್ನೆ ಜರಡಿ ಮೇಷ್ಟ್ರು ಹೊರಡುವ ಮುಂಚೆ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಕಚೇರಿಗೆ ಕಳಿಸುತ್ತಿದ್ದ ತಿಂಗಳ ತಖ್ತೆಯ ಪ್ರತಿ, ಆ ಫೆಬ್ರವರಿಯದು. ನನ್ನ ಅಂಕಿಗಳನ್ನು ನೀನು ನಿನ್ನ ದುಂಡು ಅಕ್ಷರದಲ್ಲಿ ಇಳಿಸಿ, ಕೆಳಗೆ ಸಹಿ ಹಾಕಿದ್ದೀಯ. "ಕಂಪ್ಯೂಟರಿಗೆ ಅಂಕಿ ಹತ್ತಿಸಿದೋರು ಷರಾ ಕಾಲಂ ಬಿಟ್ಟಿದ್ದಾರೆ. ಒಂದ್ಸಲ ಓದಿ" ಎಂದು ಹೇಳಿ ಹೋದರು. ಹದಿನೈದನೇ ತಾರೀಕು, ನೀನು ವಾಪಸು ಬಂದ ಮರುದಿನ, ಬೆಳಿಗ್ಗೆ ಆರು ಗಂಟೆ. ಷರಾ: "ಹಗ್ಗ ಬಹಳ ದಿನದಿಂದ ಒಣಗಿ ಬಿರುಸಾಗಿತ್ತು. ನೀರಿನಲ್ಲಿ ನೆನೆಸಿ ಮೆದು ಮಾಡಬೇಕಾಯಿತು."

ನೀನು ಅವತ್ತೇ ತಿಳಿದುಕೊಂಡಿದ್ದೆ. ಅಲ್ಲಿಂದ ಮನೆಗೆ ಬಂದು ನನ್ನ ತಲೆ ಬಾಚಿ, ಪೆನ್ನಿಗೆ ಶಾಯಿ ತುಂಬಿ, ಪರೀಕ್ಷೆಗೆ ಕಳಿಸಿಕೊಟ್ಟೆ. ಆಮೇಲೆ ನಾನು ಎಷ್ಟು ಸಲ ರಜೆಗೆ ಬಂದರೂ, ನೀರೆತ್ತಲು ನಾನೂ ಬರುತ್ತೇನೆ ಎಂದರೆ "ಬೇಡ, ಚಳಿ ಇದೆ, ನೀನು ಮಲಕ್ಕೋ" ಎನ್ನುತ್ತಿದ್ದೆ. ನನ್ನ ಅಕ್ಕ ನನ್ನನ್ನು ಹೇಗೆ ಮುದ್ದು ಮಾಡುತ್ತಾಳೆ ನೋಡಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೂವತ್ತಾರು ವರ್ಷ ನೀನು ಆ ಹಗ್ಗವನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ ಎಂಬುದು ನಿನ್ನೆ ತಿಳಿಯಿತು.

ಉಪ್ಪು ಅಳೆಯುವ ಯಂತ್ರ ಬಂದ ಮೇಲೂ ನೀನು ದಿನಾ ಬಕೆಟ್ ಇಳಿಸುತ್ತೀಯಂತೆ, ಭಾವ ಹೇಳಿದರು. ಶನಿವಾರ ಬರುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ ನನ್ನನ್ನು ಎಬ್ಬಿಸು.